ಅಳತೆ ಪುಸ್ತಕದ ಕೊನೆಯ ಹಾಳೆ

ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ
ನನ್ನ ಮೈಗೆ ಆಗದವರ ಹೆಸರಿವೆ.
ಹನ್ನೊಂದು.
ತಂಗಿಯ ಮಗಳು ಚಂಪಾ ಬರೆದದ್ದು,
ಖಾಲಿ ಸ್ಟ್ರಿಪ್ಪಿನ ಬೆನ್ನು ಓದಿ ಓದಿ,
ಒಂದೊಂದರ ಮುಂದೆ ಏನಾಯಿತು ಅಂತಲೂ:
ತುಟಿ ಊದಿತು. ಮೈತುಂಬ ದದ್ದು.
ಉಸಿರು, ರಾತ್ರಿ ಎರಡು ಗಂಟೆ, ಆಟೋ.
ಆರನೆಯದರ ಮುಂದೆ ಏನೂ ಇಲ್ಲ.
ಅದನ್ನು ಹೇಳಲು ಹೋಗಿ ನಾನು ಸುಮ್ಮನಾದೆ,
ಅವಳು ಪೆನ್ನೆತ್ತಿದಳು.

ಈಗ ಹಲ್ಲು. ಬಲದವಡೆ. ಕೀವು.

ಪಿ.ಜೆ. ಬಡಾವಣೆಯ ಡಾಕ್ಟರು ಪುಸ್ತಕ ಓದಲಿಲ್ಲ,
ಅಂಗೈಯಲ್ಲಿ ತೂಗಿ ನೋಡಿದರು:
"ಇಷ್ಟೆಲ್ಲ ಯಾರಿಗೂ ಆಗಲ್ಲಮ್ಮ, ಮನಸ್ಸಿಗೆ ಹಚ್ಕೊಂಡೀರಿ."
ಇನ್ನೊಬ್ಬರು ಓದಿದರು, ಪೂರ್ತಿ.
ಓದಿ, ಕುರ್ಚಿ ಹಿಂದಕ್ಕೆ ಸರಿಸಿದರು:
"ನಿಮ್ಮನ್ನ ಮುಟ್ಟೋದು ರಿಸ್ಕು. ಹುಬ್ಬಳ್ಳಿಗೆ ಹೋಗ್ರಿ."
ಒಬ್ಬರಿಗೆ ನಾನು ಸುಳ್ಳು, ಒಬ್ಬರಿಗೆ ಬಾಂಬು.
ಹಲ್ಲಿಗೆ ಮಾತ್ರ ಇಬ್ಬರೂ ಒಂದೇ.

ಹೊಂಡದ ಸರ್ಕಲ್ಲಿನ ಹತ್ತಿರ ನನ್ನದೊಂದು ಮಷೀನು.
ಇಪ್ಪತ್ತಾರು ವರ್ಷ ಕೊರಳಲ್ಲಿ ಟೇಪು.
ಒಂದು ಭುಜ ಇಳಿದವರು ಬರುತ್ತಾರೆ,
ಆಪರೇಷನ್ ಆಗಿ ಒಂದೇ ಎದೆಯ ಟೀಚರು ಬರುತ್ತಾರೆ,
ಕಾಲರ್ ತಾಗಿದರೆ ಕತ್ತು ಕೆಂಪಾಗುವ ಹುಡುಗಿ ಬರುತ್ತಾಳೆ.
ಇಂಥ ಭುಜ ಯಾರಿಗೂ ಇರಲ್ಲ ಅಂತ
ಒಬ್ಬರಿಗಾದರೂ ಅಂದಿದ್ದೇನಾ?
ಬರೆದುಕೊಳ್ಳುತ್ತೇನೆ.
ಅರ್ಧ ಇಂಚು ಬಿಟ್ಟು ಕತ್ತರಿ ಹಾಕುತ್ತೇನೆ.

ಅಶೋಕ ರೋಡಿನ ಗೇಟು ಬಿದ್ದಿತ್ತು ಅವತ್ತು.
ದವಡೆ ಹಿಡಿದು ಗೂಡ್ಸಿನ ಡಬ್ಬಿ ಎಣಿಸಿದೆ.
ನಲವತ್ತೆರಡರ ತನಕ ಎಣಿಸಿದ ನೆನಪು.

ದೊಡ್ಡಾಸ್ಪತ್ರೆಯಲ್ಲಿ ಕೂತಿದ್ದವಳು ಚಿಕ್ಕ ಹುಡುಗಿ,
ಬಿಳಿ ಕೋಟಿನ ತೋಳು ಉದ್ದವಾಗಿ ಬೆರಳು ಮುಚ್ಚಿತ್ತು
(ಮಡಚಿ ಎರಡು ಹೊಲಿಗೆ ಹಾಕಿದರೆ ಸರಿಹೋಗುತ್ತೆ).
"ಹೆಸರು?"
"ಹಾಲಮ್ಮ."
ಹಾಳೆ ಓದಿದಳು, ಬೆರಳಿಟ್ಟು, ಸಾಲು ಸಾಲು.
"ಆರನೇದರ ಮುಂದೆ ಯಾಕೆ ಖಾಲಿ?"

ಹದಿನೇಳು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
ಹೇಳಿದೆ. ಹೆರಿಗೆಯ ಜ್ವರ, ಆ ಇಂಜೆಕ್ಷನ್ನು,
ಆಮೇಲೆ ಒಂಬತ್ತು ದಿನ ಗೊತ್ತಿಲ್ಲ.
ಕೂಸು ಪಕ್ಕದ ಮಂಚದವಳ ಹಾಲು ಕುಡಿದು
ನನ್ನ ಕಡೆ ತಿರುಗದೇ ಹೋಯಿತು.
ಅವಳು ಬರೆದುಕೊಂಡಳು.
ಅಯ್ಯೋ ಪಾಪ ಅನ್ನಲಿಲ್ಲ.

"ನಾಲ್ಕನೇದು ಯಾವ ಬಣ್ಣದ ಮಾತ್ರೆ?"
ಹಳದಿ. ಏಳನೆಯದೂ. ಒಂಬತ್ತನೆಯದೂ.
"ಔಷಧಿ ಅಲ್ದೇ ಇರಬಹುದು. ಬಣ್ಣ ಇರಬಹುದು."
ನಾನು ನಕ್ಕುಬಿಟ್ಟೆ, ದವಡೆ ಸಿಡಿದರೂ.
ಅಸ್ತರನ್ನು ನೀರಲ್ಲಿ ನೆನೆಸಿಡದೆ
ಯಾರ ಜಂಪರ್ರೂ ಹೊಲಿದವಳಲ್ಲ ನಾನು.
ಬಟ್ಟೆ ಒಳ್ಳೆಯದೇ ಇರುತ್ತೆ,
ಬಿಡೋದು ಬಣ್ಣ.

ಆಮೇಲೆ ಮುಂಗೈ ಮೇಲೆ ನಾಲ್ಕು ಚುಚ್ಚು,
ಸುತ್ತ ಬಾಲ್‌ಪೆನ್ನಿನ ನಾಲ್ಕು ಸೊನ್ನೆ.
ಟ್ರೇಯಲ್ಲಿ ಜೀವ ಉಳಿಸುವ ಇಂಜೆಕ್ಷನ್ನು ತಯಾರಾಗಿ.
ಇಪ್ಪತ್ತು ನಿಮಿಷ.
ಅವಳ ಫೋನು ಎರಡು ಸಲ ಹೊಡೆದುಕೊಂಡಿತು,
ಎದ್ದು ಹೋಗಲಿಲ್ಲ.
ಒಂದು ಸೊನ್ನೆ ಉಬ್ಬಿತು.
ಮೂರು ಸುಮ್ಮನಿದ್ದವು.

ದೊಡ್ಡ ಡಾಕ್ಟರನ್ನು ಕೇಳಿ ಬಂದು
ಹನ್ನೊಂದರಲ್ಲಿ ಎರಡಕ್ಕೆ ಗೀಟೆಳೆದಳು,
ಹಳದಿ ಅಂತ ಒಂದು ಹೊಸದು ಸೇರಿಸಿದಳು,
ಆರನೆಯದರ ಖಾಲಿ ಜಾಗದಲ್ಲಿ,
ಕನ್ನಡ ಬರೆದು ರೂಢಿಯಿಲ್ಲದ ಕೈಯಲ್ಲಿ,
'ಎಂದಿಗೂ ಕೊಡಬಾರದು'.
ಕೆಳಗೆ ಸಹಿ, ಸೀಲು.
"ಮೂರು ಜೆರಾಕ್ಸ್ ಮಾಡಿಸ್ರಿ. ಒಂದು ಪರ್ಸಲ್ಲಿರಲಿ."

ಗುರುವಾರ ಹಲ್ಲು ಬಂತು.
ಪೂರ್ತಿ ವಾಸಿಯಾದೆ ಅಂತಲ್ಲ;
ಒಂಬತ್ತಕ್ಕೊಂದು ಸೇರಿ ಹತ್ತು ಇನ್ನೂ ಹಾಗೇ ಇವೆ,
ನೆಗಡಿ ಬಂದರೂ ಎದೆ ಝಲ್ಲೆನ್ನುತ್ತೆ.

ಶನಿವಾರ ಅಂಗಡಿ ತೆಗೆದೆ.
ಗಿರಾಕಿಯೊಬ್ಬಳು ಕೈ ನೋಡಿ,
"ಏನ್ರೀ ಅದು, ಗುಂಡಿ ಹಚ್ಚೋ ಗುರುತು ಇದ್ದಂಗೈತಿ?"
ಹೂಂ ಅಂದೆ.
ತೋಳು ಎಷ್ಟುದ್ದ ಬೇಕು, ಹೇಳ್ರಿ.